ತುರ್ನಾ ಹಾತೂನ್ ಮಸೀದಿಯ ಮುಚ್ಚಿದ ಕಿಟಕಿ

ಬುರ್ಸಾದಲ್ಲಿ ಮಳೆ ಹಿಡಿದರೆ ಮೊದಲು ಉಲುದಾಗ್ ಬೆಟ್ಟ ಮರೆಯಾಗುತ್ತದೆ, ಆಮೇಲೆ ಮಿನಾರುಗಳ ತುದಿ, ಕಡೆಗೆ ಎದುರುಮನೆಯ ಮಾಡು. ಆ ದಿನ ಮಧ್ಯಾಹ್ನದ ನಮಾಜು ಮುಗಿಯುವಷ್ಟರಲ್ಲಿ ಎದುರುಮನೆಯೂ ಮಳೆಯೊಳಗೆ ಹೋಗಿತ್ತು. ತುರ್ನಾ ಹಾತೂನ್ ಮಸೀದಿಯ ಅಂಗಳದಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದು ಶವಸಂಸ್ಕಾರದ ನಮಾಜಿಗೆ ಹೆಣ ಇಡುವ ಜನಾಜಾದ ಕಲ್ಲು, ಅದರ ಮೇಲೆ ಹಸಿರು ಬಟ್ಟೆ ಹೊದಿಸಿದ ಶವಪೆಟ್ಟಿಗೆ, ಅದು ನೆನೆಯದಿರಲೆಂದು ದುರಸ್ತಿಯ ಕೆಲಸದವರು ಸಾರುವೆಯಿಂದ ಎಳೆದು ಕಟ್ಟಿದ್ದ ನೀಲಿ ಟಾರ್ಪಾಲು, ಇಷ್ಟೇ.

ಪೆಟ್ಟಿಗೆಯಲ್ಲಿದ್ದವನು ಸೆಲಾಮಿ. ತೊಂಬತ್ತು ವರ್ಷದವನು, ನಲವತ್ತು ವರ್ಷ ಮಸೀದಿ ಕಮಿಟಿಯ ಅಧ್ಯಕ್ಷನಾಗಿದ್ದವನು. ಸಂಜೆಗೆ ಮುಂಚಿನ ಅಸರ್ ನಮಾಜಾದ ಮೇಲೆ ಅವನ ಜನಾಜಾ. ಅದಕ್ಕೆ ಇನ್ನೂ ಎರಡು ಗಂಟೆಯಿತ್ತು. ಆ ಎರಡು ಗಂಟೆಯೊಳಗೆ ಒಂದು ಕಿಟಕಿಯನ್ನು ಇಟ್ಟಿಗೆ ಕಟ್ಟಿ ಮುಚ್ಚಿಸಬೇಕೆಂದು ಮೊಹಲ್ಲಾದ ಮುಖಂಡ ಬುರ್ಹಾನ್ ಬೆಳಗಿನಿಂದ ನಿಗಾರಳ ಬೆನ್ನು ಬಿದ್ದಿದ್ದ.

ನಿಗಾರ್ ಆ ದುರಸ್ತಿಯನ್ನು ನೋಡಿಕೊಳ್ಳಲು ಬಂದಿದ್ದ ವಾಸ್ತುಶಿಲ್ಪಿ. ಮಾತಿಗಿಂತ ಅಳತೆಪಟ್ಟಿಯನ್ನು ನಂಬುವವಳು. ಮೂರು ತಿಂಗಳಿಂದ ಅವಳ ಕೆಲಸ ಮಸೀದಿಯ ಎಡಗಡೆಯ ಕೋಣೆಯಲ್ಲಿ ನಡೆದಿತ್ತು. ಆರುನೂರು ವರ್ಷದ ಹಿಂದೆ ಈ ಮಸೀದಿ ಕಟ್ಟಿದವರು ನಡುವಿನ ಜಾಗವನ್ನು ನಮಾಜಿಗೆ ಬಿಟ್ಟು, ಅದರ ಎರಡು ಮಗ್ಗುಲಿಗೆ ದಾರಿಹೋಕರಿಗಾಗಿ ಒಂದೊಂದು ಕೋಣೆ ಕಟ್ಟಿದ್ದರು. ಅರೆಮನಸ್ಸಿನಿಂದ ಕಟ್ಟಿದ್ದಲ್ಲ. ಒಂದೊಂದಕ್ಕೂ ಅದರದೇ ಗುಮ್ಮಟ, ಅದರದೇ ಅಗ್ಗಿಷ್ಟಿಕೆ, ಅಗ್ಗಿಷ್ಟಿಕೆಯ ಎರಡೂ ಬದಿ ಗಂಟುಮೂಟೆ ಇಡಲು ಗಚ್ಚಿನಲ್ಲಿ ಹೂಬಳ್ಳಿ ಕೊರೆದ ಗೂಡುಗಳು. ದೇವರಿಗೂ ಅತಿಥಿಗೂ ನಡುವೆ ಒಂದೇ ಗೋಡೆ. ನಿಗಾರಳಿಗೆ ಈ ಕಟ್ಟಡದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದು.

ಆ ಗೋಡೆಗಳ ಕಟ್ಟಣೆಯಲ್ಲಿ ಮೂರು ಸಾಲು ಇಟ್ಟಿಗೆ, ಒಂದು ಸಾಲು ಕಡೆದ ಕಲ್ಲು, ನಡುವೆ ಇಟ್ಟಿಗೆ ಪುಡಿ ಬೆರೆಸಿದ ಸುಣ್ಣದ ಗಾರೆ. ಅಂಗಳದ ಕಡೆಯ ಗೋಡೆಯಲ್ಲಿ ಮಾತ್ರ ಎರಡಾಳು ಅಗಲದಷ್ಟು ಜಾಗದಲ್ಲಿ ಕಾರ್ಖಾನೆ ಇಟ್ಟಿಗೆಯೂ ಸಿಮೆಂಟೂ ಇತ್ತು. ಹಳೆಯ ಕಿಟಕಿಯನ್ನು ಯಾರೋ ಆಮೇಲೆ ಮುಚ್ಚಿದ್ದಾರೆ ಎಂದು ಅವಳಿಗೆ ಮೊದಲ ದಿನವೇ ತಿಳಿದಿತ್ತು. ಮೂರು ದಿನದ ಹಿಂದೆ ಅದನ್ನು ಒಡೆಸಿದಳು. ಮಾರನೆಯ ಬೆಳಗ್ಗೆ ಸೆಲಾಮಿ ಅಂಗಳಕ್ಕೆ ಬಂದು, ಕಿಟಕಿ ನೋಡಿ, ಏನೂ ಮಾತಾಡದೆ ಮನೆಗೆ ಹೋಗಿ ಮಲಗಿದವನು ಮತ್ತೆ ಏಳಲಿಲ್ಲ.

"ಒಂದು ದಿನದ ಮಟ್ಟಿಗೆ ಮುಚ್ಚಿಸಮ್ಮ," ಎಂದ ಬುರ್ಹಾನ್. "ನಾಳೆ ಬೇಕಾದ್ರೆ ಮತ್ತೆ ತೆಗೆಸ್ಕೋ, ನಾನು ಅಡ್ಡ ಬರಲ್ಲ."

"ಯಾಕೆ ಮುಚ್ಚಬೇಕು ಅಂತ ಹೇಳಿ ಬುರ್ಹಾನಣ್ಣ."

"ಗಾಳಿ ಬರುತ್ತೆ."

"ಅಯ್ಯೋ, ಸತ್ತೋರಿಗೆ ನೆಗಡಿ ಆಗುತ್ತೇನೋ," ಎಂದಳು ಸ್ಟವ್ ಪಕ್ಕ ಚಹಾ ಬಗ್ಗಿಸುತ್ತಿದ್ದ ಪಾಕಿಜೆ. ಮಸೀದಿಯ ಹಿಂದಿನ ಬೀದಿಯವಳು, ಬಾಯಿ ಜೋರು. ಆದರೆ ಹಾಗೆ ಹೇಳುವಾಗ ಅವಳೂ ಕಿಟಕಿಯ ಕಡೆ ನೋಡಲಿಲ್ಲ ಎಂಬುದನ್ನು ನಿಗಾರ್ ಗಮನಿಸಿದಳು. ಯಾರೂ ನೋಡುತ್ತಿರಲಿಲ್ಲ. ಮಳೆಗೆ ಆ ಕೋಣೆಯೊಳಗೆ ಬಂದಿದ್ದ ಐದಾರು ಹೆಂಗಸರು ಬೆನ್ನನ್ನು ಅತ್ತ ಮಾಡಿಯೇ ಕೂತಿದ್ದರು. ಇದ್ರೀಸ್ ಮೇಸ್ತ್ರಿ ಮೂಲೆಯಲ್ಲಿ ಗಾರೆ ಕಲೆಸುತ್ತಾ, ಅಮ್ಮಾವ್ರು ಹೇಳಿದ್ರೆ ಕಟ್ತೀನಿ, ಬೇಡ ಅಂದ್ರೆ ಬಿಡ್ತೀನಿ ಎಂಬ ಮುಖ ಮಾಡಿಕೊಂಡಿದ್ದ.

ಆಗ ಸೆಲಾಮಿಯ ಹೆಂಡತಿ ರುವೇದೆ ಅಜ್ಜಿ ಬಂದಳು. ಎಪ್ಪತ್ತೆಂಟು ವರ್ಷದ ಹೆಂಗಸು, ಕೊಡೆಯಿಲ್ಲದೆ ಅಂಗಳ ದಾಟಿ, ಗಂಡನ ಪೆಟ್ಟಿಗೆಯ ಪಕ್ಕದಲ್ಲೇ ನಿಲ್ಲದೆ ನಡೆದು, ಕೋಣೆಯೊಳಗೆ ಬಂದು, ಗಾರೆ ಬಾಣಲಿಯನ್ನು ಕಾಲಿನಿಂದ ಅತ್ತ ಸರಿಸಿದಳು. ಆ ಗೋಡೆ ಒಂದೂವರೆ ಗಜ ದಪ್ಪ, ಕಿಟಕಿಯ ಬುಡದಲ್ಲಿ ಒಬ್ಬಿಬ್ಬರು ಕಾಲು ಮಡಚಿ ಕೂರುವಷ್ಟು ಜಾಗವಿತ್ತು. ಅಲ್ಲಿ ಹತ್ತಿ ಕೂತಳು.

"ಈಗ ಕಟ್ಟು," ಎಂದಳು ಮೇಸ್ತ್ರಿಗೆ.

"ಇಳೀರಿ ಅಜ್ಜಿ. ನೆಂದಿದ್ದೀರ."

"ನನ್ನನ್ನೂ ಸೇರಿಸಿ ಕಟ್ಟೋ. ನನ್ನ ಗಂಡ ಕಟ್ಟಿದ್ದು ಅರವತ್ತೇಳು ವರ್ಷ ನಿಂತಿತ್ತು. ನಿಂದು ಎಷ್ಟು ದಿನ ನಿಲ್ಲುತ್ತೋ ನೋಡೋಣ."

ಇದ್ರೀಸ್ ಕರಣೆ ಕೆಳಗಿಟ್ಟ. ಬುರ್ಹಾನನ ಮುಖ ಕಪ್ಪಿಟ್ಟಿತು. "ರುವೇದೆ ಚಿಕ್ಕಮ್ಮ, ಇವತ್ತು ಬೇಡ. ಹೆಣ ಇನ್ನೂ ಅಂಗಳದಲ್ಲಿದೆ."

"ಅದಕ್ಕೇ ಇವತ್ತು," ಎಂದಳು ಅಜ್ಜಿ. ಮುಖಮಂಟಪದಲ್ಲಿ ನಿಂತಿದ್ದ ಗಂಡಸರು ಇಬ್ಬರು ಮೂವರು ಬಾಗಿಲಲ್ಲಿ ತಲೆ ಹಾಕಿದರು. ಅವಳು ಅವರನ್ನೂ ಒಮ್ಮೆ ನೋಡಿ, ತಲೆಬಟ್ಟೆಯ ನೀರು ಹಿಂಡಿ, ಹೇಳತೊಡಗಿದಳು.

"ಕೂತ್ಕೊಳ್ಳಿ ಎಲ್ಲ. ಕೂತ್ಕೊಳ್ಳೋ ಬುರ್ಹಾನ್, ನಿನ್ನ ಮೊಣಕಾಲು ನೋವು ನನಗೆ ಗೊತ್ತಿಲ್ವಾ... ಇದು ನಿಮ್ಮಪ್ಪನಿಗೆ ಗೊತ್ತಿದ್ದ ಕತೆ, ನಿಮ್ಮಜ್ಜನಿಗೆ ಗೊತ್ತಿದ್ದ ಕತೆ. ಈ ಮೊಹಲ್ಲಾದಲ್ಲಿ ಇದು ಗೊತ್ತಿಲ್ಲದವರು ಇಬ್ಬರೇ. ಈ ಹುಡುಗಿ ನಿಗಾರ್, ಮತ್ತೆ ಹೊಸದಾಗಿ ಬಂದಿರೋ ಇಮಾಮ್. ಉಳಿದವರೆಲ್ಲ ಗೊತ್ತಿದ್ದೂ ನುಂಗ್ಕೊಂಡವರು. ಹಾಗಾಗಿ ನಾನು ಇವಳಿಗೆ ಹೇಳ್ತೀನಿ, ನೀವು ನೆನಪು ಮಾಡ್ಕೊಳ್ಳಿ.

"ನಮ್ಮಜ್ಜಿ ಮುನೀರೆಗೆ ಆಗ ಹತ್ತು ವರ್ಷ. ನಮ್ಮವರು ರಷ್ಯಾದವರ ಕೈಲಿ ಯುದ್ಧ ಸೋತ ವರ್ಷ ಅದು. ಬಾಲ್ಕನ್ ಕಡೆಯಿಂದ ಎತ್ತಿನ ಗಾಡೀಲಿ, ಹಡಗಲ್ಲಿ, ಬರಿಗಾಲಲ್ಲಿ, ಜನ ಬಂದ್ರು ಬಂದ್ರು ಬಂದ್ರು... ಬುರ್ಸಾದ ಮಸೀದಿ, ಮದರಸ, ಕಟ್ಟಿಗೆ ಮನೆ, ಎಲ್ಲ ತುಂಬಿ ಹೋಯ್ತು. ಆ ಹಿಮದಲ್ಲಿ ಒಬ್ಬಳು ಹೆಂಗಸು ನಮ್ಮ ಬಾಗಿಲಿಗೂ ಬಂದಳು. ಒಂಟಿ ಹೆಂಗಸು. ಕಾಲಿಗೆ ಗೋಣಿ ಸುತ್ಕೊಂಡಿದ್ದಳು. ಜ್ವರದಲ್ಲಿ ಸುಡ್ತಿದ್ದಳು.

"ಈ ಕೋಣೆಗೆ ಒಂದು ಕಟ್ಟಳೆ ಇತ್ತು ಮಗಳೇ. ತುರ್ನಾ ಹಾತೂನ್ ಮಹಾತಾಯಿ ಮಸೀದಿ ಕಟ್ಟಿಸಿ ದಾನಪತ್ರ ಬರೆಸಿದಾಗ ಹೇಳಿದ್ದು. ಬಂದವರಿಗೆ ಮೂರು ದಿನ ಬೆಂಕಿ, ಮೂರು ದಿನ ಬಿಸಿ ಸಾರು ರೊಟ್ಟಿ, ಮೂರು ದಿನ ಯಾರೂ ಹೆಸರು ಕೇಳಕೂಡದು. ಎಂಥ ಮಾತು ನೋಡು! ಹಸಿದವರ ಹತ್ತಿರ ಹೆಸರು ಕೇಳಬಾರದು ಅಂತ ಆ ಕಾಲದಲ್ಲಿ ಒಬ್ಬ ಹೆಂಗಸಿಗೆ ತೋಚಿತ್ತು... ಆದರೆ ಮೊಹಲ್ಲಾಗೂ ಒಂದು ಕಟ್ಟಳೆ ಇತ್ತು. ಹೊರಗಿನವರು ಇಲ್ಲೇ ಉಳೀಬೇಕು ಅಂದ್ರೆ ಇಲ್ಲಿಯವರು ಒಬ್ಬರು ಹೊಣೆ ನಿಲ್ಲಬೇಕು. ಇವಳು ನನಗೆ ಗೊತ್ತು, ಇವಳ ತಪ್ಪು ನನ್ನ ತಪ್ಪು, ಅಂತ ಇಮಾಮರ ಮುಂದೆ ಹೇಳಬೇಕು. ಹತ್ತು ಜನ ಬೇಡ. ಒಂದು ಬಾಯಿ ಸಾಕು.

"ಮೂರು ದಿನ ಆಯ್ತು. ಜ್ವರ ಬಿಡಲಿಲ್ಲ, ಹಿಮ ನಿಲ್ಲಲಿಲ್ಲ. ಇಮಾಮರು ಪಾಪ, ಹಿಮ ಕರಗೋವರೆಗೂ ಇರಲಿ ಬಿಡಿ ಅಂದ್ರು. ಅವಳು ಸ್ವಲ್ಪ ಎದ್ದು ಕೂರೋ ಹಾಗಾದ ಮೇಲೆ, ಇಲ್ಲಿ... ನಾನು ಕೂತಿದ್ದೀನಲ್ಲ, ಇದೇ ಜಾಗದಲ್ಲಿ ಕೂತು, ರೇಷ್ಮೆ ಗೂಡು ಬಿಚ್ಚಿ ಉಳಿದ ಗಂಟು ಗಂಟು ನೂಲು ಇರುತ್ತಲ್ಲ, ಅದನ್ನ ಬಿಡಿಸಿ ಕೊಡೋಳು. ಮನೆ ಮನೆಯಿಂದ ಹೆಂಗಸರು ಬುಟ್ಟಿ ತಂದು ಕೊಡೋರು. ಕೊಟ್ಟು ಸುಮ್ಮನೆ ಹೋಗ್ತಿದ್ರಾ? ಕಿಟಕಿ ಹತ್ತಿರ ನಿಂತ್ಕೊಂಡು ಮಾತು. ಹೋಗೋ ಹೆಂಗಸು ತಾನೇ, ಹೇಳಿದ್ದು ಅವಳ ಜೊತೇಲೇ ಹೋಗುತ್ತೆ ಅಂತ ಧೈರ್ಯ. ಒಬ್ಬಳು ತನ್ನ ಅತ್ತೆಗೆ ಕಾಯಿಲೇಲಿ ನೀರು ಕೊಡದೆ ಬಿಟ್ಟಿದ್ದು ಹೇಳಿದಳು. ಒಬ್ಬಳು ತನ್ನ ಎರಡನೇ ಮಗು ಯಾರದ್ದು ಅಂತ ಹೇಳಿದಳು. ಗಂಡಸರು ಬಿಟ್ರಾ? ನಮಾಜಿಗೆ ಮುಂಚೆ ಕೈಕಾಲು ತೊಳ್ದು ಒಜೂ ಮಾಡೋ ನೆಪದಲ್ಲಿ, ಕಿಟಕಿ ಎದುರಿನ ಕೊಳಾಯಿ ಹತ್ತಿರ ನಿಂತು ಅವರೂ ಅತ್ತರು. ಇಪ್ಪತ್ತು ದಿನದಲ್ಲಿ ಈ ಮೊಹಲ್ಲಾದ ಹೊಟ್ಟೆಯೊಳಗಿದ್ದದ್ದೆಲ್ಲ ಅವಳ ಕಿವೀಲಿತ್ತು. ಅವಳದು ಮಾತ್ರ... ಅವಳ ಹೆಸರೇನು ಅಂತ ಒಬ್ಬರೂ ಕೇಳಲಿಲ್ಲ. ಮೊದಲು ಕಟ್ಟಳೆ ಅಂತ ಕೇಳಲಿಲ್ಲ. ಆಮೇಲೆ ಮರೆತೇಬಿಟ್ಟರು.

"ಹಿಮ ಕರಗಿತು. ಅವಳು ಏನಂದಳು ಗೊತ್ತಾ? ನನಗೆ ಹೋಗೋಕೆ ಎಲ್ಲೂ ಜಾಗ ಇಲ್ಲ, ಇಲ್ಲೇ ನೂಲು ಬಿಡಿಸ್ಕೊಂಡು ಇರ್ತೀನಿ, ಅಂದಳು."

"ಆಹಾ," ಎಂದಳು ಪಾಕಿಜೆ, ತನಗೇ ಹೇಳಿಕೊಂಡಂತೆ. "ಅಲ್ಲಿಗೆ ಮುಗೀತು."

"ಮುಗೀದೇ ಇನ್ನೇನು? ಹೋಗೋಳು ಅಂತ ಹೇಳಿದ್ದು, ಇರೋಳಾಗಿಬಿಟ್ರೆ? ನಾಳೆ ಬೆಳಗ್ಗೆ ಎದ್ದು ಅವಳ ಮುಖ ನೋಡಬೇಕು, ಹಮಾಮಿನಲ್ಲಿ ಅವಳ ಪಕ್ಕ ಕೂತು ಮೈ ತೊಳ್ಕೊಳ್ಳಬೇಕು... ಇಮಾಮರು ಅಂಗಳದಲ್ಲಿ ಎಲ್ಲರನ್ನೂ ಕರೆಸಿ ಕೇಳಿದ್ರು, ಇವಳಿಗೆ ಹೊಣೆ ಯಾರು ನಿಲ್ತೀರಿ? ಯಾರೂ ಇಲ್ಲ. ಎರಡನೇ ಸಲ ಕೇಳಿದ್ರು. ಇಲ್ಲ. ನಮ್ಮಜ್ಜಿ, ಹತ್ತು ವರ್ಷದ ಮಗು, ಬಾಯಿ ತೆಗೆದಳಂತೆ. ಅವಳಮ್ಮ, ಹಿಂದಿನ ದಿನ ತಾನೇ ಇದೇ ಕಿಟಕೀಲಿ ಅತ್ತು ಹೋಗಿದ್ದೋಳು, ಮಗುವಿನ ಬಾಯಿಗೆ ಕೈ ಒತ್ತಿ ಹಿಡಿದಳಂತೆ. ನಮ್ಮ ಮನೆಯವರೇನು ಬೇರೆಯಲ್ಲ, ಅದನ್ನೂ ಹೇಳಿಬಿಡ್ತೀನಿ. ಮೂರನೇ ಸಲ ಇಮಾಮರು ಕೇಳಿದಾಗ ಅವಳೇ ಎದ್ದು, ಗಂಟು ತಗೊಂಡು, ಒಬ್ಬೊಬ್ಬರ ಮುಖಾನೂ ನೋಡ್ಕೊಂಡು ಹೊರಗೆ ಹೋದಳು.

"ಆ ಸಂಜೆ ಮತ್ತೆ ಹಿಮ ಬಿತ್ತು. ಅವಳು ಬಾಗಿಲು ಬಡಿದದ್ದು ಎಲ್ಲರಿಗೂ ಕೇಳಿಸ್ತು. ತೆಗೆದವನು ಹಮಾಮಿಗೆ ಬೆಂಕಿ ಹಾಕೋ ಯಾಕುಪ್ ಒಬ್ಬನೇ. ಕುಡುಕ, ಜನ ಉಗೀತಿದ್ರು ಅವನಿಗೆ. ಬೂದಿ ಗುಂಡಿ ಪಕ್ಕ ಮಲಗಿಸಿದ. ಹಮಾಮಿನ ಯಜಮಾನ ನೋಡಿ ಹೊರಗೆ ಹಾಕಿಸಿದ. ಬೆಳಗ್ಗೆ ಹಮಾಮಿನ ಮೆಟ್ಟಿಲ ಮೇಲೆ ಸಿಕ್ಕಳು... ಗಟ್ಟಿಯಾಗಿ ಹೋಗಿದ್ದಳು.

"ಆಮೇಲೆ ನೋಡಬೇಕಿತ್ತು ಈ ಜನದ ಪ್ರೀತಿ! ಮೀಯಿಸಿದ್ದೇನು, ಒಳ್ಳೇ ಬಿಳೀ ಬಟ್ಟೆ ತಂದದ್ದೇನು, ತಂದು ಆ ಕಲ್ಲಿನ ಮೇಲೆ ಮಲಗಿಸಿದ್ದೇನು. ಇಡೀ ಮೊಹಲ್ಲಾ ಸಾಲು ಹಿಡಿದು ನಿಂತಿತು. ನಮಾಜ್ ಮುಗಿಸಿ ಇಮಾಮರು ತಿರುಗಿ, ಎಲ್ಲ ಜನಾಜಾದಲ್ಲೂ ಕೇಳೋ ಹಾಗೆ ಕೇಳಿದ್ರು, ಇವಳನ್ನ ನೀವು ಹೇಗೆ ಬಲ್ಲಿರಿ? ಒಳ್ಳೆಯವಳು ಅಂತ ಬಲ್ಲೆವು! ಅಂತ ಎಲ್ಲರೂ ಒಂದೇ ಬಾಯಲ್ಲಿ. ಪಾರಿವಾಳ ಹಾರಿ ಹೋದವಂತೆ, ಅಷ್ಟು ಜೋರಾಗಿ. ಬದುಕಿದ್ದವಳಿಗೆ ಒಂದು ಬಾಯಿ ಸಿಗಲಿಲ್ಲ, ಹೆಣಕ್ಕೆ ನೂರು ಬಾಯಿ.

"ಆಗ ಈ ಕಿಟಕಿಯಿಂದ... ಒಳಗೆ ಯಾರೂ ಇಲ್ಲ, ಬಾಗಿಲಿಗೆ ಬೀಗ, ಬೀಗದ ಕೈ ಇಮಾಮರ ಸೊಂಟದಲ್ಲಿ... ಈ ಕಿಟಕಿಯಿಂದ ಅವಳ ದನಿ ಬಂತು. ನಿನ್ನೆ ಎಲ್ಲಿ ಹೋಗಿತ್ತು ಈ ಬಾಯಿ?"

ಸ್ಟವ್ ಮೇಲೆ ಚಹಾದ ಪಾತ್ರೆ ಕುದಿಯುತ್ತಿತ್ತು. ನಿಗಾರ್ ತನಗೆ ಅರಿವಿಲ್ಲದೆ ಕಿಟಕಿಯ ಅಂಚಿನ ಕಲ್ಲನ್ನು ನೋಡಿದಳು. ಒಂದು ಕಡೆ ಮಾತ್ರ ಅದು ಸವೆದು ನುಣುಪಾಗಿತ್ತು, ಎಷ್ಟೋ ಮೊಣಕೈಗಳು ಊರಿಕೊಂಡು ನಿಂತಂತೆ.

"ಅವತ್ತಿನಿಂದ ಇಲ್ಲಿ ಯಾರ ಜನಾಜಾ ಆದ್ರೂ, ಇಮಾಮರು ಹೇಗೆ ಬಲ್ಲಿರಿ ಅಂತ ಕೇಳಿದ ತಕ್ಷಣ, ಜನಕ್ಕಿಂತ ಮೊದಲು ಅವಳು ಹೇಳ್ತಿದ್ದಳು. ಗೊತ್ತು, ಅಂತ ಶುರು ಮಾಡಿ ಒಂದೇ ಒಂದು ಸಂಗತಿ. ಶಾಪ ಇಲ್ಲ, ಬೈಗುಳ ಇಲ್ಲ. ಸತ್ತವರ ಬಗ್ಗೆ ಒಂದು ನಿಜ, ಅಷ್ಟೇ. ಕೆಟ್ಟದ್ದೇ ಹೇಳ್ತಿದ್ದಳು ಅಂತಲ್ಲ! ಯಾಕುಪ್ ಸತ್ತಾಗ ನಾಲ್ಕು ಜನ ಬಂದಿದ್ರು, ಅದೂ ಮೂಗು ಮುಚ್ಕೊಂಡು. ಗೊತ್ತು, ಇವನು ನನಗೆ ಬಿಸಿ ಇಟ್ಟಿಗೆ ಬಟ್ಟೇಲಿ ಸುತ್ತಿ ಕೊಟ್ಟ, ಅಂದಳಂತೆ. ನಾಲ್ಕು ಜನಾನೂ ಅತ್ತರಂತೆ. ಕೆಲವು ದೊಡ್ಡ ಮನೆಯವರು ತಮ್ಮ ಹೆಣ ಬೇರೆ ಮಸೀದಿಗೆ ಸಾಗಿಸೋಕೆ ಶುರು ಮಾಡಿದ್ರು. ಓಹೋ, ಇವರ ಮನೇಲಿ ಏನೋ ಭಾರಿಯಾಗೇ ಇದೆ ಅಂತ ಜನ ಹತ್ತು ತರ ಮಾತಾಡಿದ ಮೇಲೆ, ಕಿಟಕಿಯ ಒಂದು ಮಾತೇ ವಾಸಿ ಅಂತ ವಾಪಸ್ ಇಲ್ಲಿಗೇ ತಂದ್ರು!"

ಪಾಕಿಜೆ ಕಿಸಕ್ಕನೆ ನಕ್ಕು, ಬುರ್ಹಾನನ ಮುಖ ನೋಡಿ, ನಗುವನ್ನು ಚಹಾದೊಳಗೆ ಮುಳುಗಿಸಿದಳು.

"ಎಪ್ಪತ್ತು ವರ್ಷ ಈ ಮೊಹಲ್ಲಾ ಹೆದರ್ಕೊಂಡು ಬಾಳಿತು. ಹೆದರ್ಕೊಂಡಿದ್ದೇ ಒಳ್ಳೇದಾಗಿತ್ತು ಅಂತೀನಿ ನಾನು. ಗಂಡಸು ಕೈ ಎತ್ತೋಕೆ ಮುಂಚೆ ಈ ಕಡೆ ಒಂದು ಸಲ ನೋಡ್ತಿದ್ದ. ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಬೀಳ್ತಿತ್ತು.

"ಈಗ ನನ್ನ ಕತೆ. ನನಗೊಬ್ಬಳು ಅಕ್ಕ ಇದ್ದಳು, ಶಾಹೆಂದೆ. ಹತ್ತೊಂಬತ್ತು ವರ್ಷ. ಆ ಪೆಟ್ಟಿಗೇಲಿ ಮಲಗಿದ್ದಾನಲ್ಲ, ಅವನಿಗೆ ಅವಳನ್ನೇ ಮೊದಲು ಕೊಟ್ಟಿದ್ದು. ಮದುವೆಯಾಗಿ ಎರಡು ವರ್ಷ. ಒಂದು ಬೆಳಗ್ಗೆ ಹೇಳಿ ಕಳಿಸಿದ್ರು, ಮೆಟ್ಟಿಲಿಂದ ಬಿದ್ದಳು, ಹೋಗಿಬಿಟ್ಟಳು, ಅಂತ. ನನಗೆ ಹನ್ನೊಂದು ವರ್ಷ. ಅವಳನ್ನ ಅದೇ ಕಲ್ಲಿನ ಮೇಲೆ ತಂದು ಮಲಗಿಸಿದ್ರು. ಇಮಾಮರು ಕೇಳಿದ್ರು. ನಾನು ಹೆಂಗಸರ ಜೊತೆ ಅಲ್ಲಿ, ಆ ಕೊಳಾಯಿ ಹತ್ತಿರ ನಿಂತಿದ್ದೆ. ನನ್ನ ಈ ಎರಡು ಕಿವೀಲಿ ಕೇಳಿದ್ದು... ಗೊತ್ತು. ಇವಳು ತಾನಾಗಿ ಬೀಳಲಿಲ್ಲ."

ಅವಳ ದನಿ ಏರಲಿಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದವರಲ್ಲಿ ಒಬ್ಬ ಹಿಂದೆ ಸರಿದ.

"ಏನು ಮಾಡಿದ್ರು ಅಂತೀಯ ಮಗಳೇ? ಯಾರಾದ್ರೂ ಅವನ ಕುತ್ತಿಗೆ ಪಟ್ಟಿ ಹಿಡಿದ್ರಾ? ಹಾಗಾದ್ರೆ ಹೇಗೆ ಬಿದ್ದಳಪ್ಪ ಅಂತ ಒಬ್ಬ ಕೇಳಿದ್ನಾ? ಎಲ್ಲರೂ ಅವರವರ ಚಪ್ಪಲಿ ನೋಡ್ಕೊಂಡ್ರು. ಮಣ್ಣು ಮಾಡಿ ಬಂದ್ರು. ಅದೇ ಸಾಯಂಕಾಲ ಅವನು ಇಟ್ಟಿಗೆ, ಸಿಮೆಂಟು ತಂದು ಈ ಕಿಟಕಿ ಮುಚ್ಚಿದ. ಒಬ್ಬನೇ ಅಲ್ಲ! ಇಟ್ಟಿಗೇನ ಕೈಯಿಂದ ಕೈಗೆ ದಾಟಿಸಿ ಕೊಟ್ಟೋರು ಸಾಲಾಗಿ ನಿಂತಿದ್ರು, ನಮಾಜಿಗೆ ನಿಲ್ಲೋ ಹಾಗೆ. ನಿಮ್ಮಪ್ಪ ಇದ್ದ ಬುರ್ಹಾನ್. ನಮ್ಮಪ್ಪನೂ ಇದ್ದ. ಎಪ್ಪತ್ತು ವರ್ಷ ಹೆದರಿ ಸಾಕಾಗಿತ್ತು ಎಲ್ಲರಿಗೂ, ಒಬ್ಬ ಶುರು ಮಾಡಲಿ ಅಂತ ಕಾಯ್ತಿದ್ರು. ಗಾಳಿ ಬರುತ್ತೆ ಅಂತ ಮುಚ್ಚಿದ್ವಿ, ಅಂತ ಅವತ್ತೂ ಹೇಳಿದ್ರು.

"ಏಳು ವರ್ಷ ಆದ ಮೇಲೆ, ಮನೆತನದ ಸಂಬಂಧ ಮುರೀಬಾರದು ಅಂತ, ನನ್ನನ್ನ ಅವನಿಗೆ ಕೊಟ್ರು."

ನಿಗಾರ್ ಕಿಟಕಿಯ ಹತ್ತಿರ ಬಂದಳು. "ಅಜ್ಜಿ... ಕೇಳಿದ್ದನ್ನ ನೀವು ಯಾರಿಗೂ ಹೇಳಲಿಲ್ಲವಾ?"

"ಯಾರ ಮುಂದೆ ಹೇಳಲಿ? ಕಿಟಕಿ ಹೇಳಿದ್ದನ್ನೇ ಇಟ್ಟಿಗೆ ಹಾಕಿ ಮುಚ್ಚಿದವರು ನನ್ನ ಮಾತು ಕೇಳ್ತಾರಾ? ನನಗೆ ಯಾರು ಹೊಣೆ ನಿಲ್ತಿದ್ರು? ಅರವತ್ತು ವರ್ಷ ಅವನ ಜೊತೆ ಬದುಕಿದೆ. ಅದೇ ಮನೆ, ಅದೇ ಮೆಟ್ಟಿಲು. ಒಂದು ದಿನ... ಒಂದೇ ಒಂದು ದಿನ ಅವನಿಗೆ ಬೆನ್ನು ತೋರಿಸಿ ಆ ಮೆಟ್ಟಿಲು ಇಳೀಲಿಲ್ಲ ನಾನು. ಅವನನ್ನ ಮುಂದೆ ಬಿಟ್ಟು ಹಿಂದೆ ಇಳಿದೆ. ಎಂಥ ಮರ್ಯಾದಸ್ಥ ಹೆಂಡತಿ, ಗಂಡನ ಹಿಂದೆ ನಡೀತಾಳೆ, ಅಂತ ನೆಂಟರು ಹೊಗಳ್ತಿದ್ರು!

"ಇನ್ನೊಂದು ಗಳಿಗೆ ಕಳೆದ್ರೆ ಇಡೀ ಮೊಹಲ್ಲಾ ಆ ಪೆಟ್ಟಿಗೆ ಮುಂದೆ ನಿಂತು ಒಳ್ಳೆಯವನು ಅಂತ ಬಲ್ಲೆವು ಅನ್ನುತ್ತೆ. ಅನ್ನಲಿ. ಈ ಕಿಟಕಿ ತೆಗೆದಿರೋವಾಗ ಅನ್ನಲಿ. ಅಷ್ಟೇ ನಾನು ಕೇಳೋದು."

ಬುರ್ಹಾನ್ ಎದ್ದ. ಅವನ ದನಿಯಲ್ಲಿ ಮುಖಂಡನ ಗತ್ತು ಇನ್ನೂ ಸ್ವಲ್ಪ ಉಳಿದಿತ್ತು. "ಚಿಕ್ಕಮ್ಮನಿಗೆ ದುಃಖದಲ್ಲಿ ತಲೆ ತಿರುಗಿದೆ. ಹೆಂಗಸರು ಕೆಳಗಿಳಿಸಿ. ಇದ್ರೀಸ್, ಗಾರೆ ತಗೋ. ಕಮಿಟಿ ಹೇಳಿದೆ, ಮುಚ್ಚು."

ಇದ್ರೀಸ್ ನಿಗಾರಳ ಕಡೆ ನೋಡಿದ. ಎಲ್ಲರೂ ನೋಡಿದರು. ಕಮಿಟಿಯನ್ನು ಎದುರು ಹಾಕಿಕೊಂಡರೆ ನಾಳೆ ಈ ಅಂಗಳಕ್ಕೆ ಕಾಲಿಡಲಾಗುವುದಿಲ್ಲ ಎಂದು ನಿಗಾರಳಿಗೆ ಗೊತ್ತಿತ್ತು. ದೆವ್ವದ ಮಾತನ್ನು ಅವಳು ನಂಬಿದ್ದಳೋ ಇಲ್ಲವೋ, ಅವಳಿಗೇ ಖಚಿತವಿರಲಿಲ್ಲ. ಆದರೆ ಸಾಲಾಗಿ ನಿಂತು ಇಟ್ಟಿಗೆ ದಾಟಿಸಿದ ಕೈಗಳನ್ನು ಅವಳು ನಂಬಿದಳು. ಆ ಇಟ್ಟಿಗೆಗಳನ್ನು ಒಂದೊಂದಾಗಿ ಕಿತ್ತು ಹೊರಗೆ ಹಾಕಿಸಿದವಳು ಅವಳೇ.

"ಗಾರೆ ಚೆಲ್ಲಿಬಿಡಿ ಮೇಸ್ತ್ರಿ," ಎಂದಳು. "ಬುರ್ಹಾನಣ್ಣ, ಈ ಕಿಟಕಿ ತೆಗೆದಿರುತ್ತೆ. ಅಜ್ಜಿ ಇಲ್ಲೇ ಕೂತಿರ್ತಾರೆ. ಕಮಿಟಿಯವರು ಕೇಳಿದ್ರೆ, ಇವರಿಗೆ ನಾನು ಹೊಣೆ ಅಂತ ಹೇಳಿ."

ರುವೇದೆ ಅಜ್ಜಿ ಕಾಲು ಮಡಚಿ ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ಅಸರ್ ಬಾಂಗಿನ ಹೊತ್ತಿಗೆ ಮಳೆ ತೆಳುವಾಯಿತು. ಹೆಂಗಸರು ಒಬ್ಬೊಬ್ಬರಾಗಿ ಕೋಣೆಯಿಂದ ಎದ್ದು ಮುಖಮಂಟಪಕ್ಕೆ ಹೋದರು. ಪಾಕಿಜೆ ಎಲ್ಲರಿಗಿಂತ ಕೊನೆಗೆ, ಚಹಾದ ಲೋಟ ಕೈಯಲ್ಲೇ ಹಿಡಿದುಕೊಂಡು ಹೋದಳು. ಒಳಗೆ ಉಳಿದವರು ಇಬ್ಬರೇ, ಕಿಟಕಿಯ ಬುಡದಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು.

ಅಂಗಳದಲ್ಲಿ ಸಾಲುಗಳು ನಿಂತವು. ಮುಂದಿನ ಸಾಲಿನಲ್ಲಿ ಮುದುಕರು, ಬುರ್ಹಾನ್, ಕಮಿಟಿಯವರು. ನಮಾಜು ಮುಗಿಯಿತು. ಹೊಸ ಇಮಾಮ್ ದೂರದ ಟ್ರಾಬ್ಜೋನ್ ಕಡೆಯ ಎಳೆಯ ಮನುಷ್ಯ. ಜನರತ್ತ ತಿರುಗಿ ಎಂದಿನಂತೆ ಕೇಳಿದ.

"ಇವರನ್ನು ನೀವು ಹೇಗೆ ಬಲ್ಲಿರಿ?"

ಯಾರೂ ಮಾತಾಡಲಿಲ್ಲ. ಇಮಾಮ್, ತನ್ನ ದನಿ ಮಳೆಯಲ್ಲಿ ಕೇಳಿಸಲಿಲ್ಲವೇನೋ ಎಂದು, ಜೋರಾಗಿ ಮತ್ತೆ ಕೇಳಿದ. ಮುಂದಿನ ಸಾಲಿನ ತಲೆಗಳು ತಗ್ಗಿದವು. ನೂರಿಪ್ಪತ್ತು ಗಂಡಸರು, ಒಂದು ಕೆಮ್ಮು ಕೂಡ ಇಲ್ಲ. ಬುರ್ಹಾನ್ ಒಬ್ಬನೇ ಬಾಯಿ ತೆರೆದು, "ಒಳ್ಳೆ..." ಎಂದವನು ಅಲ್ಲಿಗೇ ನಿಂತ.

ಇಮಾಮ್ ಮೂರನೆಯ ಸಲ ಕೇಳಿದ.

"ಗೊತ್ತು."

ದನಿ ಒಡೆದಿತ್ತು, ಬಹಳ ಕಾಲ ಬಳಸದ ಗಂಟಲಿನದು. ಈ ಊರಿನದಲ್ಲದ ಎಳೆತ ಅದರಲ್ಲಿತ್ತು.

"ಗೊತ್ತು. ಬಿದ್ದ ಮೇಲೂ ಅವಳು ಬದುಕಿದ್ದಳು. ಬೆಳಗಿನ ಬಾಂಗಿನವರೆಗೂ ನೀರು ಕೇಳಿದಳು. ಇವನು ಮೇಲೆ ಹಾಸಿಗೇಲಿ ಕೂತು ಕೇಳಿಸ್ಕೊಂಡ."

ನೂರಿಪ್ಪತ್ತು ಮುಖಗಳು ಕಿಟಕಿಯತ್ತ ತಿರುಗಿದವು. ಅವರ ಕಣ್ಣು ನಿಂತದ್ದು ಕಪ್ಪು ತಲೆಬಟ್ಟೆಯ ವಿಧವೆಯ ಮೇಲೆ. ಮುದುಕಿ ಹೇಳಿಯೇಬಿಟ್ಟಳು ಎಂದು ಯಾರೋ ಪಿಸುಗುಟ್ಟಿದರು. ಆದರೆ ನಿಗಾರ್ ಅವಳ ಮಗ್ಗುಲಲ್ಲೇ ಇದ್ದಳು. ರುವೇದೆ ಅಜ್ಜಿಯ ತುಟಿಗಳು ಬಿಗಿದು ಬೆಳ್ಳಗಾಗಿದ್ದವು, ಒಮ್ಮೆಯೂ ತೆರೆದಿರಲಿಲ್ಲ. ಬಂದ ದನಿ ಅವರಿಬ್ಬರ ಬೆನ್ನ ಹಿಂದಿನಿಂದ, ಖಾಲಿ ಕೋಣೆಯಿಂದ, ನಿಗಾರಳ ಕಿವಿಗೆ ತಣ್ಣನೆಯ ಉಸಿರು ತಾಗಿಸಿಕೊಂಡೇ ಬಂದಿತ್ತು. ನಿಗಾರ್ ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಅವಳ ಕುತ್ತಿಗೆಗೆ ಬರಲಿಲ್ಲ.

ಇಮಾಮನ ಮುಖದಲ್ಲಿ ರಕ್ತವಿರಲಿಲ್ಲ. ಏನು ಮಾಡುವುದೆಂದು ತೋಚದೆ, ಕಲಿತ ಕ್ರಮದಂತೆ ಮುಂದಿನ ಪ್ರಶ್ನೆಯನ್ನೇ ಕೇಳಿಬಿಟ್ಟ. "ಇವರ ಮೇಲೆ ನಿಮಗಿರುವ ಹಕ್ಕನ್ನು ಬಿಟ್ಟುಕೊಟ್ಟು ಕ್ಷಮಿಸುತ್ತೀರಾ?"

ಆಗ ರುವೇದೆ ಅಜ್ಜಿ ಬಾಯಿ ತೆರೆದಳು.

"ಇಲ್ಲ."

ಅಂಗಳದ ಆಚೆ ತುದಿಯವರೆಗೂ ಅದು ಕೇಳಿಸಿತು. ಇಮಾಮ್ ಮತ್ತೆ ಕೇಳಲಿಲ್ಲ. ಪೆಟ್ಟಿಗೆಗೆ ಭುಜ ಕೊಡಲು ನಾಲ್ವರು ಮುಂದೆ ಬರಲು ಬಹಳ ಹೊತ್ತು ಹಿಡಿಯಿತು.

"ಈಗಿನದು ಮಾತ್ರ ನನ್ನದು," ಎಂದಳು ಅಜ್ಜಿ ಮೆಲ್ಲಗೆ. ಅವಳ ಕೈ ನಿಗಾರಳ ಕೈಯನ್ನು ನೋಯುವಷ್ಟು ಹಿಡಿದಿತ್ತು. "ಮೊದಲಿನದು... ನೀರು ಕೇಳಿದ್ದು... ಅದು ನನಗೂ ಗೊತ್ತಿರಲಿಲ್ಲ."

ಪೆಟ್ಟಿಗೆ ಅಂಗಳದ ಬಾಗಿಲು ದಾಟಿತು. ಹಿಂದೆ ಹೋದವರು ಕಡಿಮೆ. ಮುದುಕರು ಹತ್ತು ಹನ್ನೆರಡು ಜನ ಅಂಗಳದಲ್ಲೇ ನಿಂತಿದ್ದರು.

"ಅವರನ್ನ ನೋಡು," ಎಂದಳು ರುವೇದೆ ಅಜ್ಜಿ. "ನನ್ನ ಗಂಡನ ಹೆಣ ನೋಡ್ತಿಲ್ಲ ಅವರು, ಈ ಕಿಟಕಿ ನೋಡ್ತಿದ್ದಾರೆ. ಒಬ್ಬೊಬ್ಬನೂ ತನ್ನ ಸರದಿ ಲೆಕ್ಕ ಹಾಕ್ತಿದ್ದಾನೆ... ಅರವತ್ತೇಳು ವರ್ಷ ಅವಳ ಬಾಯಿಗೆ ಇಟ್ಟಿಗೆ ಕಟ್ಟಿದ್ರು ಮಗಳೇ. ಕಿವಿಗೆ ಕಟ್ಟಿರಲಿಲ್ಲ."

ಅವಳು ನಿಧಾನವಾಗಿ ಕಿಟಕಿಯಿಂದ ಇಳಿದು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲ ಬಳಿ ನಿಂತು ಹಿಂತಿರುಗಿ ಕೇಳಿದಳು.

"ನೀನೂ ಮೂರು ತಿಂಗಳಿಂದ ಈ ಕೋಣೇಲೇ ನಿಂತು ಫೋನಲ್ಲಿ ಮಾತಾಡ್ತಿದ್ದೀಯಲ್ವಾ?"